ಸೊಲ್ಲಾಪುರದ ಸೇಠ್, ಮುಂಬೈ ಫಿಯಾಟ್, ಬೆಂಗಳೂರಿನ ಎಚ್‌ಎಎಲ್: ವಾಲಚಂದ ಹೀರಾಚಂದ ನಮಗೆ ಬಿಟ್ಟು ಹೋದದ್ದೇನು?

ಖೂಬಾ ಪ್ಲಾಟ್ (ಕಲಬುರಗಿ): ಒಂದು ಕಾಲಕ್ಕೆ ಊರಲ್ಲಿ ಕಾರು ಅಂದ್ರೆ ಎರಡೇ ಹೆಸರು, ಒಂದು ಅಂಬಾಸಿಡರ್, ಇನ್ನೊಂದು ಫಿಯಾಟ್. ಡಾಕ್ಟರು, ವಕೀಲರು, ಗಂಜಿನ ಅಡತಿ ಸಾಹುಕಾರರು ಇಟ್ಟುಕೊಳ್ಳುತ್ತಿದ್ದ ಆ ಪುಟ್ಟ ಫಿಯಾಟ್ ಇಟಲಿಯ ಹೆಸರಿನದು, ಆದರೆ ತಯಾರಾಗುತ್ತಿದ್ದುದು ಮುಂಬೈಯ ಕುರ್ಲಾದಲ್ಲಿ. ಆ ಕಾರ್ಖಾನೆ ಹುಟ್ಟುಹಾಕಿದ ಮನುಷ್ಯ ನಮ್ಮಿಂದ ನೂರು ಕಿಲೋಮೀಟರ್ ಚಿಲ್ಲರೆ ದೂರದ ಸೊಲ್ಲಾಪುರದವರು ಅನ್ನೋದು ನಮ್ಮ ಮಂದಿಯಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಅವರ ಹೆಸರು ಸೇಠ್ ವಾಲಚಂದ ಹೀರಾಚಂದ ದೋಶಿ. ಕಾರು ಅವರ ಕೆಲಸಗಳಲ್ಲಿ ಒಂದು ಮಾತ್ರ. ಹಡಗು, ವಿಮಾನ, ಸಕ್ಕರೆ, ರೈಲು ಸುರಂಗ ಎಲ್ಲದಕ್ಕೂ ಕೈ ಹಾಕಿದವರು. ಬೆಂಗಳೂರಿನ ಎಚ್‌ಎಎಲ್ ಇವತ್ತು ಕರ್ನಾಟಕದ ಹೆಮ್ಮೆ ಅಂತೀವಲ್ಲ, ಅದರ ಮೊದಲ ಇಟ್ಟಿಗೆ ಇಟ್ಟವರೂ ಇವರೇ. ಕಲ್ಯಾಣ ಕರ್ನಾಟಕಕ್ಕೆ ಉದ್ಯಮ ಬರಲಿಲ್ಲ, ನಮ್ಮ ಹುಡುಗರು ಪುಣೆ, ಬೆಂಗಳೂರು, ಹೈದರಾಬಾದಿಗೆ ಹೋಗೋದು ತಪ್ಪಲಿಲ್ಲ ಅಂತ ದಿನಾ ಮಾತಾಡುವ ನಾವು, ಇದೇ ಬಿಸಿಲು ನಾಡಿನಿಂದ ಎದ್ದ ಈ ಮನುಷ್ಯನ ಬದುಕನ್ನು ಒಮ್ಮೆ ತಿರುವಿ ನೋಡಬೇಕು.

ಬಡ್ಡಿ ವ್ಯಾಪಾರದ ಮನೆಯಿಂದ ರೈಲು ಗುತ್ತಿಗೆಗೆ

ವಾಲಚಂದ ಹುಟ್ಟಿದ್ದು 1882ರ ನವೆಂಬರ್ 23ರಂದು, ಸೊಲ್ಲಾಪುರದಲ್ಲಿ. ಮೂಲ ಗುಜರಾತಿನ ದಿಗಂಬರ ಜೈನ ಮನೆತನ. ಹಿರಿಯರು ವ್ಯಾಪಾರಕ್ಕೆಂದು ಬಂದು ಇಲ್ಲೇ ನೆಲೆ ನಿಂತವರು. ತಂದೆ ಹೀರಾಚಂದ ನೇಮಚಂದ ಹತ್ತಿ ವ್ಯಾಪಾರ, ಲೇವಾದೇವಿ ಮಾಡುತ್ತಿದ್ದರು. ವಾಲಚಂದ ಹುಟ್ಟಿದ ಕೆಲವೇ ದಿನಕ್ಕೆ ತಾಯಿ ತೀರಿಕೊಂಡರು.

ಸೊಲ್ಲಾಪುರ ಆಗಲೇ ಎದ್ದು ನಿಂತಿದ್ದ ಊರು. ಹತ್ತಿ ಗಿರಣಿ ಇದ್ದವು, ಮುಂಬೈಯಿಂದ ರೈಲು ಬಂದಿತ್ತು. ಅದೇ ಹಳಿ ಮುಂದೆ ಕಲಬುರಗಿ, ವಾಡಿ ದಾಟಿ 1871ರಲ್ಲಿ ರಾಯಚೂರಿನ ಹತ್ತಿರ ಮದ್ರಾಸ್ ಕಡೆಯ ಹಳಿಗೆ ಕೂಡಿಕೊಂಡಿತ್ತು. ಊರಿನ ಬೀದಿಯಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಓಡಾಡುತ್ತಿದ್ದವು. ಈಗಲೂ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಕನ್ನಡವೇ ಮನೆಮಾತು. ಸಿದ್ಧರಾಮೇಶ್ವರರ ಆ ಊರು ನಮಗೂ ಪರಕೀಯ ಅಲ್ಲ.

ಮೆಟ್ರಿಕ್ ಊರಲ್ಲೇ ಮುಗಿಸಿ ಮುಂಬೈಯ ಸೇಂಟ್ ಝೇವಿಯರ್ ಕಾಲೇಜು, ಪುಣೆಯ ಡೆಕ್ಕನ್ ಕಾಲೇಜು ಅಂತ ಓದಿದರೂ ಪದವಿ ಪೂರ್ತಿ ಮಾಡಲಿಲ್ಲ. ಮನೆ ವ್ಯಾಪಾರಕ್ಕೆ ಬಂದರು. ಗಾದಿ ಮೇಲೆ ಕುಂತು ಬಡ್ಡಿ ಲೆಕ್ಕ ಬರೆಯೋದು ಅವರಿಗೆ ಒಗ್ಗಲಿಲ್ಲ. ಆ ಹೊತ್ತಿಗೆ ಸಿಕ್ಕವರು ಲಕ್ಷ್ಮಣರಾವ್ ಬಳವಂತ ಫಾಟಕ್. ರೈಲ್ವೆಯಲ್ಲಿ ಗುಮಾಸ್ತರಾಗಿ ಕೆಲಸ ಮಾಡಿ ಗುತ್ತಿಗೆಗೆ ಇಳಿದ ಮನುಷ್ಯ. ಫಾಟಕರಿಗೆ ಕೆಲಸ ಗೊತ್ತಿತ್ತು, ವಾಲಚಂದರ ಹತ್ತಿರ ಬಂಡವಾಳವೂ ಧೈರ್ಯವೂ ಇತ್ತು. ಇಬ್ಬರೂ ಕೂಡಿ ಹಿಡಿದ ಮೊದಲ ದೊಡ್ಡ ಕೆಲಸ ಬಾರ್ಶಿ ಲೈಟ್ ರೈಲ್ವೆಯ ಹಳಿ ಹಾಕುವ ಗುತ್ತಿಗೆ. ಕುರ್ಡುವಾಡಿಯಿಂದ ಬಾರ್ಶಿ ಮೇಲೆ ಕೊನೆಗೆ ಲಾತೂರಿನವರೆಗೆ ಹೋದ ಆ ಸಣ್ಣ ಹಳಿಯ ರೈಲನ್ನು ನಮ್ಮ ಹಿರಿಯರು ಕಂಡವರೇ.

ಅಲ್ಲಿಂದ ಹಿಂದೆ ನೋಡಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಸೈನ್ಯದ ಕಟ್ಟಡಗಳ ಗುತ್ತಿಗೆ ಸಿಕ್ಕಿತು. 1920ರಲ್ಲಿ ಅವರ ಕಂಪನಿ ಟಾಟಾ ಕನ್‌ಸ್ಟ್ರಕ್ಷನ್ ಜೊತೆ ಕೂಡಿತು. ಮುಂಬೈ-ಪುಣೆ ನಡುವಿನ ಭೋರ್ ಘಾಟಿನ ರೈಲು ಸುರಂಗ, ತಾನ್ಸಾ ಕೆರೆಯಿಂದ ಮುಂಬೈಗೆ ನೀರು ತರುವ ಪೈಪು, ಇವೆಲ್ಲ ಅವರ ಕಂಪನಿಗಳು ಮಾಡಿದ ಕೆಲಸ. 1926ರಲ್ಲಿ ಶುರುವಾದ ಹಿಂದುಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ ಈಗಲೂ ಇದೆ. ಮುಂಬೈಯ ಬಾಂದ್ರಾ-ವರ್ಲಿ ಸಮುದ್ರ ಸೇತುವೆ ಕಟ್ಟಿದ್ದು ಅದೇ ಕಂಪನಿ.

ಹಡಗಿನಲ್ಲಿ ಕಲಿತ ಪಾಠ

ಕಾರಿನ ಕತೆಗೆ ಬರುವ ಮುಂಚೆ ಹಡಗಿನ ಕತೆ ಹೇಳಲೇಬೇಕು. ಯಾಕಂದ್ರೆ ಮುಂದಿನ ಎಲ್ಲ ಹಠಕ್ಕೂ ಬೀಜ ಬಿದ್ದದ್ದು ಇಲ್ಲಿ.

1919ರಲ್ಲಿ ಗ್ವಾಲಿಯರಿನ ಸಿಂಧಿಯಾ ಮಹಾರಾಜರ ಕಡೆಯಿಂದ ಲಾಯಲ್ಟಿ ಅನ್ನುವ ಹಳೇ ಹಡಗು ಮಾರಾಟಕ್ಕಿದೆ ಅನ್ನೋ ಸುದ್ದಿ ಕಿವಿಗೆ ಬಿತ್ತು. ನರೋತ್ತಮ ಮೊರಾರ್ಜಿ ಮೊದಲಾದ ಗೆಳೆಯರ ಜೊತೆ ಸೇರಿ ಅದನ್ನು ಕೊಂಡರು. ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ಹುಟ್ಟಿತು. ಅದೇ ವರ್ಷ ಏಪ್ರಿಲ್ 5ರಂದು ಆ ಹಡಗು ಮುಂಬೈಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ಈಗ ಪ್ರತಿ ವರ್ಷ ರಾಷ್ಟ್ರೀಯ ಸಾಗರಯಾನ ದಿನ ಅಂತ ಆಚರಿಸುತ್ತಾರೆ.

ಸಮುದ್ರದ ವ್ಯಾಪಾರ ಆಗ ಪೂರಾ ಬ್ರಿಟಿಷ್ ಕಂಪನಿಗಳ ಕೈಯಲ್ಲಿತ್ತು. ಹೊಸಬರು ಬಂದರೆ ಬಾಡಿಗೆ ದರ ಇಳಿಸಿ ಇಳಿಸಿ ನಷ್ಟಕ್ಕೆ ತಳ್ಳಿ ಮುಳುಗಿಸುವುದು ಅವರ ಹಳೇ ಆಟ. ಅದಕ್ಕೂ ಮುಂಚೆ ಭಾರತೀಯರು ಶುರು ಮಾಡಿದ ಎಷ್ಟೋ ಹಡಗು ಕಂಪನಿಗಳು ಹಿಂಗೇ ಮುಚ್ಚಿದ್ದವು. ಸಿಂಧಿಯಾ ಕಂಪನಿ ಮುಳುಗಲಿಲ್ಲ, ಆದರೆ ಬ್ರಿಟಿಷರ ಜೊತೆ ಒಪ್ಪಂದಕ್ಕೆ ಸಹಿ ಹಾಕಿ, ಇಷ್ಟೇ ಹಡಗು ಇಟ್ಟುಕೊಳ್ಳಬೇಕು ಅನ್ನುವ ಮಿತಿಗೆ ಒಪ್ಪಬೇಕಾಯಿತು. ವಾಲಚಂದರು 1929ರಿಂದ ಆ ಕಂಪನಿಯ ಅಧ್ಯಕ್ಷರಾದರು.

ಸ್ವಂತ ಹಡಗು ಓಡಿಸಿದರೂ ಹಡಗು ಕಟ್ಟುವ ಕೆಲಸ ಬೇರೆಯವರ ಕೈಯಲ್ಲಿದ್ದರೆ ಲಗಾಮು ಅವರದ್ದೇ ಅನ್ನುವುದು ಅವರಿಗೆ ಮನದಟ್ಟಾಗಿದ್ದು ಈ ವರ್ಷಗಳಲ್ಲಿ. ವಿಶಾಖಪಟ್ಟಣದಲ್ಲಿ ಹಡಗುಕಟ್ಟೆ ಕಟ್ಟಲು ಹೊರಟರು. 1941ರ ಜೂನ್ 21ರಂದು ಬಾಬು ರಾಜೇಂದ್ರ ಪ್ರಸಾದರು ಅಡಿಗಲ್ಲು ಇಟ್ಟರು. 1948ರ ಮಾರ್ಚಿನಲ್ಲಿ ಅಲ್ಲಿ ಕಟ್ಟಿದ ಜಲ ಉಷಾ ಹಡಗನ್ನು ಪ್ರಧಾನಿ ನೆಹರೂ ನೀರಿಗಿಳಿಸಿದರು. 1952ರಲ್ಲಿ ಸರಕಾರ ಅದನ್ನು ವಹಿಸಿಕೊಂಡಿತು. ಇವತ್ತಿನ ಹಿಂದುಸ್ತಾನ್ ಶಿಪ್‌ಯಾರ್ಡ್ ಅದೇ.

ಕಾರು ಜೋಡಿಸೋದು ಬೇರೆ, ಮಾಡೋದು ಬೇರೆ

ಆಗಿನ ಭಾರತದಲ್ಲಿ ಮೋಟಾರು ಇರಲಿಲ್ಲ ಅಂತಲ್ಲ. ಫೋರ್ಡ್ ಕಂಪನಿ 1926ರಲ್ಲಿ, ಜನರಲ್ ಮೋಟಾರ್ಸ್ 1928ರಲ್ಲಿ ಇಲ್ಲಿಗೆ ಬಂದಿದ್ದವು. ಆದರೆ ಅವರು ಮಾಡುತ್ತಿದ್ದುದು ಅಮೆರಿಕದಿಂದ ಪೆಟ್ಟಿಗೆಯಲ್ಲಿ ಬಂದ ಬಿಡಿಭಾಗಗಳನ್ನು ಜೋಡಿಸಿ ಮಾರುವ ಕೆಲಸ. ನಮ್ಮ ಭಾಗ ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ನಿಜಾಮ ಸರಕಾರದ ಸಾರಿಗೆ ಇಲಾಖೆ 1932ರಲ್ಲಿ 27 ಬಸ್ಸುಗಳಿಂದ ಸೇವೆ ಶುರು ಮಾಡಿದಾಗ ಆ ಗಾಡಿಗಳೂ ಬ್ರಿಟನ್ನಿನಿಂದಲೇ ಬಂದಿದ್ದವು.

ಜೋಡಿಸೋದಕ್ಕೂ ತಯಾರಿಸೋದಕ್ಕೂ ಏನು ವ್ಯತ್ಯಾಸ ಅಂತ ಕೇಳಿದರೆ, ಉತ್ತರ ಗ್ಯಾರೇಜಿನ ಯಾವ ಮಿಸ್ತ್ರಿಯೂ ಹೇಳುತ್ತಾನೆ. ಒಂದು ಗಾಡಿಗೆ ಎರಕದ ಎಂಜಿನ್ ಬ್ಲಾಕ್ ಬೇಕು, ಗೇರು ಬೇಕು, ಸ್ಪ್ರಿಂಗ್ ಪಟ್ಟಿ, ರೇಡಿಯೇಟರ್, ಬ್ಯಾಟರಿ, ಗಾಜು, ಟಯರು, ಬಣ್ಣ ಎಲ್ಲ ಬೇಕು. ಪೆಟ್ಟಿಗೆ ಒಡೆದು ಬೋಲ್ಟು ಬಿಗಿದರೆ ಒಂದು ಶೆಡ್ಡಿನ ಮಂದಿಗೆ ಮಾತ್ರ ಕೆಲಸ. ಇಲ್ಲೇ ತಯಾರಿಸಿದರೆ ಎರಕದ ಭಟ್ಟಿಯಿಂದ ಹಿಡಿದು ರಬ್ಬರ್ ವಾಶರ್ ಮಾಡುವ ಸಣ್ಣ ಶೆಡ್ಡಿನವರೆಗೆ ನೂರಾರು ಕಾರ್ಖಾನೆ ಬೆಳೆಯುತ್ತವೆ. ಬ್ರಿಟಿಷ್ ಸರಕಾರಕ್ಕೆ ಬೇಡವಾಗಿದ್ದು ಇದೇ.

ಈ ವಿಚಾರವನ್ನು ಮೊದಲು ಯೋಜನೆಯ ರೂಪದಲ್ಲಿ ಕಾಗದಕ್ಕೆ ಇಳಿಸಿದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಮೈಸೂರಿನ ದಿವಾನಗಿರಿ ಬಿಟ್ಟು ವರ್ಷಗಳಾಗಿದ್ದವು, ವಯಸ್ಸು ಎಪ್ಪತ್ತು ದಾಟಿತ್ತು. ಆದರೂ 1935ರ ಸುಮಾರಿಗೆ ಯುರೋಪ್, ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ನೋಡಿ ಬಂದು ವರದಿ ತಯಾರು ಮಾಡಿದರು. ಆ ವರದಿಯನ್ನು ಕೈಗೆತ್ತಿಕೊಂಡ ಉದ್ಯಮಿ ವಾಲಚಂದ. ಒಬ್ಬರು ಮುದ್ದೇನಹಳ್ಳಿಯ ಎಂಜಿನಿಯರ್, ಇನ್ನೊಬ್ಬರು ಸೊಲ್ಲಾಪುರದ ಗುತ್ತಿಗೆದಾರ. ಮುಂಬೈಯ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಮಂತ್ರಿಮಂಡಲ ನೆರವು ಕೊಡಲು ಮನಸ್ಸು ಮಾಡಿತು. ಆದರೆ 1939ರಲ್ಲಿ ಮಹಾಯುದ್ಧ ಶುರುವಾಗಿ ಕಾಂಗ್ರೆಸ್ ಮಂತ್ರಿಮಂಡಲಗಳೆಲ್ಲ ರಾಜೀನಾಮೆ ಕೊಟ್ಟವು. ಆಮೇಲೆ ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ಹಾಕುವ ಪ್ರಯತ್ನ ನಡೆಯಿತು. ಅದಕ್ಕೂ ದಿಲ್ಲಿಯ ಬ್ರಿಟಿಷ್ ಸರಕಾರದಿಂದ ಅಡ್ಡಿ ಬಂತು. ಮೋಟಾರು ಕಾರ್ಖಾನೆ ಯುದ್ಧದ ಕೆಲಸಕ್ಕೆ ಸೇರಿದ್ದಲ್ಲ ಅನ್ನೋದು ಅವರ ವಾದ. ಯುದ್ಧಕ್ಕೆ ಸಾವಿರಾರು ಲಾರಿಗಳನ್ನು ಸಮುದ್ರದ ಆಚೆಯಿಂದ ತರಿಸಿಕೊಳ್ಳುತ್ತಿದ್ದ ಸರಕಾರದ ಬಾಯಲ್ಲಿ ಬಂದ ಮಾತಿದು ನೋಡ್ರಿ!

ವಾಲಚಂದ ಕೈ ಬಿಡಲಿಲ್ಲ. ಅಮೆರಿಕದ ಕ್ರೈಸ್ಲರ್ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು ಕಾದರು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ನೋಂದಣಿ ಆಯಿತು, ಕುರ್ಲಾದಲ್ಲಿ ಕಾರ್ಖಾನೆ ಎದ್ದಿತು. 1947ರ ಮಾರ್ಚಿನಲ್ಲಿ, ಸ್ವಾತಂತ್ರ್ಯ ಬರಲು ಐದು ತಿಂಗಳು ಇರುವಾಗ, ಅಲ್ಲಿಂದ ಮೊದಲ ಲಾರಿ ಹೊರಬಿತ್ತು. ಅದೇ ಕಾಲಕ್ಕೆ ಬಿರ್ಲಾ ಅವರ ಹಿಂದುಸ್ತಾನ್ ಮೋಟಾರ್ಸ್ ಕೂಡ ಇದೇ ದಾರಿಯಲ್ಲಿತ್ತು. ಇವರಿಬ್ಬರೇ ಮುಂದಿನ ನಲವತ್ತು ವರ್ಷ ಭಾರತದ ರಸ್ತೆ ಆಳಿದರು.

ಪ್ರಯಾಣದ ಪರಿಚಯ, ಬೆಂಗಳೂರಿಗೆ ವಿಮಾನ

ಕಾರಿನ ಕೆಲಸಕ್ಕೆಂದು ಅಮೆರಿಕಕ್ಕೆ ಹೋದ ಪ್ರವಾಸವೇ ಕರ್ನಾಟಕಕ್ಕೆ ದೊಡ್ಡ ಲಾಭ ತಂದುಕೊಟ್ಟಿತು. 1939ರಲ್ಲಿ ವಾಪಸ್ ಬರುವಾಗ ವಿಮಾನದಲ್ಲಿ ವಿಲಿಯಂ ಪಾವ್ಲಿ ಅನ್ನುವ ಅಮೆರಿಕದವರ ಪರಿಚಯ ಆಯಿತು. ಪಾವ್ಲಿ ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದವರು. ಚೀನಾದಲ್ಲಿ ಆಗೋದು ಭಾರತದಲ್ಲಿ ಯಾಕೆ ಆಗಬಾರದು ಅನ್ನುವ ಯೋಚನೆ ವಾಲಚಂದರ ತಲೆಗೆ ಹೊಕ್ಕಿತು.

ಬ್ರಿಟಿಷ್ ಸರಕಾರ ಮೊದಲು ಕಿವಿಗೊಡಲಿಲ್ಲ. 1940ರಲ್ಲಿ ಯುರೋಪಿನ ಯುದ್ಧದಲ್ಲಿ ಪೆಟ್ಟು ತಿಂದ ಮೇಲೆ ಮನಸ್ಸು ಬದಲಾಯಿತು. ಜಾಗ ಎಲ್ಲಿ? ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ತಡ ಮಾಡಲಿಲ್ಲ. ಬೆಂಗಳೂರಿನಲ್ಲಿ 700 ಎಕರೆ ಜಮೀನು ಕೊಟ್ಟು, ಸಂಸ್ಥಾನದಿಂದ 25 ಲಕ್ಷ ರೂಪಾಯಿ ಬಂಡವಾಳವನ್ನೂ ಹಾಕಿಸಿದರು. 1940ರ ಡಿಸೆಂಬರ್ 23ರಂದು ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುವಾಯಿತು. ಮರುವರ್ಷವೇ ಅಲ್ಲಿ ಜೋಡಿಸಿದ ಹಾರ್ಲೊ ತರಬೇತಿ ವಿಮಾನ ಹಾರಿತು.

ಆದರೆ ಜಪಾನ್ ಸೈನ್ಯ ಬರ್ಮಾ ಕಡೆ ನುಗ್ಗುತ್ತಿದ್ದಂತೆ ಸರಕಾರ 1942ರ ಏಪ್ರಿಲಿನಲ್ಲಿ ವಾಲಚಂದರ ಪಾಲಿನ ಶೇರುಗಳನ್ನು ಕೊಂಡು ಕಾರ್ಖಾನೆಯನ್ನು ತನ್ನ ಕೈಗೆ ತಗೊಂಡಿತು. ಕನಸು ಕಂಡವರು ಒಂದೂವರೆ ವರ್ಷಕ್ಕೇ ಹೊರಗೆ. ಕಾರ್ಖಾನೆ ಮಾತ್ರ ಉಳಿಯಿತು, ಬೆಳೆಯಿತು, 1964ರಲ್ಲಿ ಹಿಂದುಸ್ತಾನ್ ಏರೋನಾಟಿಕ್ಸ್ ಆಯಿತು. ಬೆಂಗಳೂರು ವಿಮಾನದ ಊರು ಅನ್ನಿಸಿಕೊಂಡದ್ದು, ಅದರ ಸುತ್ತ ಸಾವಿರಾರು ತಂತ್ರಜ್ಞರು ತಯಾರಾದದ್ದು, ನಮ್ಮ ಜಿಲ್ಲೆಯಿಂದ ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗರು ಎಚ್‌ಎಎಲ್ ನೌಕರಿ ಅಂದ್ರೆ ಕಣ್ಣರಳಿಸುವುದು, ಎಲ್ಲದರ ಮೂಲ ಆ ಒಂದು ಪ್ರಯಾಣದ ಪರಿಚಯ.

ಕಲ್ಲು ನೆಲದಲ್ಲಿ ಕಬ್ಬು

ಹಳ್ಳಿ ಕಡೆಗೂ ಅವರ ಕೈ ಚಾಚಿತ್ತು. ನಾಸಿಕ್ ಜಿಲ್ಲೆಯ ರಾವಳಗಾಂವದಲ್ಲಿ ಜಮೀನು ಹಿಡಿದು ಕಬ್ಬು ಬೆಳೆಸಿ ಸಕ್ಕರೆ ಕಾರ್ಖಾನೆ ಹಾಕಿದರು. ರಾವಳಗಾಂವ್ ಪೆಪ್ಪರ್‌ಮಿಂಟು ತಿಂದು ಬೆಳೆದವರು ನಮ್ಮಲ್ಲೂ ಕಡಿಮೆ ಇಲ್ಲ. ಪುಣೆ ಜಿಲ್ಲೆಯ ಇಂದಾಪುರ ತಾಲೂಕಿನ ಕಳಂಬದಲ್ಲಿ ಇನ್ನೊಂದು ಸಕ್ಕರೆ ಕಾರ್ಖಾನೆ. ಅದರ ಸುತ್ತ ಮನೆ, ಶಾಲೆ, ದವಾಖಾನೆ ಬಂದು ಒಂದು ಊರೇ ಆಯಿತು. ಅದೇ ವಾಲಚಂದನಗರ.

ಅಲ್ಲಿ ಸಕ್ಕರೆಗಿಂತ ದೊಡ್ಡದೊಂದು ಬೆಳೆಯಿತು. ಕಾರ್ಖಾನೆಯ ಯಂತ್ರ ರಿಪೇರಿಗೆಂದು ಇದ್ದ ವರ್ಕ್‌ಶಾಪು ಮುಂದೆ ಬೇರೆಯವರಿಗೆ ಸಕ್ಕರೆ ಯಂತ್ರ ಮಾಡಿಕೊಡುವ ಕಂಪನಿ ಆಯಿತು. ಇನ್ನೂ ಮುಂದೆ ಅಣುಸ್ಥಾವರಕ್ಕೆ, ಇಸ್ರೋ ರಾಕೆಟ್ಟಿಗೆ ಭಾಗಗಳನ್ನು ಮಾಡುವ ಮಟ್ಟಕ್ಕೆ ಹೋಯಿತು. ಆಳಂದ, ಅಫಜಲಪುರದ ಕಡೆ ಸಕ್ಕರೆ ಕಾರ್ಖಾನೆ ಕಂಡ ನಮಗೆ ಇದರಲ್ಲಿ ತಿಳಿಯೋದು ಇದೆ. ಕಬ್ಬು ಅರೆದು ಸಕ್ಕರೆ ಮೂಟೆ ಕಳಿಸೋದು ಒಂದು ಹಂತ, ಆ ಗಾಣದ ಯಂತ್ರವನ್ನೇ ಮಾಡೋದು ಮುಂದಿನ ಹಂತ. ತೊಗರಿಯ ಕಣಜ ಅನ್ನಿಸಿಕೊಂಡ ಜಿಲ್ಲೆಯಲ್ಲಿ ದಾಲ್ ಮಿಲ್‌ಗಳು ಸಾಕಷ್ಟಿವೆ. ಆ ಮಿಲ್ಲಿನ ಯಂತ್ರ ಎಲ್ಲಿಂದ ಬರುತ್ತವೆ ಅಂತ ಒಮ್ಮೆ ಕೇಳಿ ನೋಡಿ.

ಫಿಯಾಟ್ ಬಂತು, ಸರದಿ ಸಾಲೂ ಬಂತು

1949ರಲ್ಲಿ ವಾಲಚಂದರಿಗೆ ಪಾರ್ಶ್ವವಾಯು ಹೊಡೆಯಿತು. ಮರುವರ್ಷ ವ್ಯವಹಾರದಿಂದ ಹಿಂದೆ ಸರಿದರು. ಪತ್ನಿ ಕಸ್ತೂರಬಾಯಿ ಕೊನೆವರೆಗೂ ಆರೈಕೆ ಮಾಡಿದರು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ತೀರಿಕೊಂಡರು. ವಯಸ್ಸು 70. ಕಂಪನಿಗಳನ್ನು ಮುಂದೆ ನಡೆಸಿದವರು ತಮ್ಮಂದಿರು ಮತ್ತು ಮನೆತನದವರು.

ಅವರು ಹೋದ ವರ್ಷವೇ ಕೇಂದ್ರ ಸರಕಾರ ಒಂದು ನಿರ್ಧಾರ ಮಾಡಿತು. ಇಲ್ಲೇ ಬಿಡಿಭಾಗ ತಯಾರಿಸುವ ಯೋಜನೆ ಇಲ್ಲದ ಕಂಪನಿಗಳು ಬರೀ ಜೋಡಣೆ ಮಾಡಿ ಮಾರುವಂತಿಲ್ಲ. ಫೋರ್ಡ್, ಜನರಲ್ ಮೋಟಾರ್ಸ್ ಅಂಗಡಿ ಮುಚ್ಚಿ ಹೊರಟವು. ವಾಲಚಂದ ಎರಡು ದಶಕ ವಾದಿಸಿದ್ದೇ ದೇಶದ ನೀತಿ ಆಯಿತು. ಪ್ರೀಮಿಯರ್ ಕಂಪನಿ ಇಟಲಿಯ ಫಿಯಾಟ್ ಜೊತೆ ಕೂಡಿ ಫಿಯಾಟ್ 1100 ತಂದಿತು. 1970ರ ದಶಕದಲ್ಲಿ ಅದೇ ಗಾಡಿ ಪ್ರೀಮಿಯರ್ ಪದ್ಮಿನಿ ಆಯಿತು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿ ಅಂದ್ರೆ ಇದೇ. ಗುಳೆ ಹೋದ ನಮ್ಮ ಭಾಗದ ಎಷ್ಟೋ ಮಂದಿ ಮುಂಬೈ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದು ಮೊದಲು ಕಂಡ ಮೋಟಾರು ಅದು. ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ಕೊನೆಗೆ ಮುಂಬೈ ರಸ್ತೆಯಿಂದ ಇಳಿಯಿತು.

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಪೈಪೋಟಿಯೇ ಇಲ್ಲದ ಮಾರುಕಟ್ಟೆಯಲ್ಲಿ ಕಾರು ಬೇಕಾದವರು ವರ್ಷಗಟ್ಟಲೆ ಸರದಿ ಕಾಯಬೇಕಾಯಿತು. ಲೈಸೆನ್ಸ್ ರಾಜ್ಯದಲ್ಲಿ ಎಷ್ಟು ಗಾಡಿ ಮಾಡಬೇಕು ಅನ್ನೋದನ್ನೂ ಸರಕಾರವೇ ಹೇಳುತ್ತಿತ್ತು. ಕಾರ್ಖಾನೆಗೆ ಹೊಸದು ಕಲಿಯುವ ಒತ್ತಾಯ ಇರಲಿಲ್ಲ. ಹತ್ತಾರು ವರ್ಷ ಅದೇ ಎಂಜಿನ್, ಅದೇ ಸ್ಟೇರಿಂಗ್ ಗೇರು. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಫಿಯಾಟಿನ ದಿನ ಎಣಿಕೆ ಶುರುವಾಯಿತು. 1990ರ ದಶಕದಲ್ಲಿ ಪ್ಯೂಜೋ ಜೊತೆ ಮಾಡಿದ ಪ್ರಯತ್ನವೂ ಕೈ ಹತ್ತಲಿಲ್ಲ. ಹೊರಗಿನವರ ಪೈಪೋಟಿಯಿಂದ ರಕ್ಷಣೆ ಬೇಕು ಅಂತ ಹೋರಾಡಿದ ಉದ್ಯಮ, ಆ ರಕ್ಷಣೆಯ ನೆರಳಲ್ಲೇ ಮೈಗಳ್ಳ ಆಯಿತು. ಅದರ ಬೆಲೆ ತೆತ್ತವರು ಗಿರಾಕಿಗಳು, ಕೊನೆಗೆ ಕೆಲಸ ಕಳಕೊಂಡ ಕಾರ್ಮಿಕರು.

ವಾಲಚಂದರೂ ಸಂತರೇನಲ್ಲ. ಒಂದು ಕಡೆ ಸ್ವದೇಶಿ, ಕಾಂಗ್ರೆಸ್ಸಿನ ಬೆಂಬಲ, 1927ರಲ್ಲಿ ಹುಟ್ಟಿದ ಎಫ್‌ಐಸಿಸಿಐ ಸಂಸ್ಥೆಯ ಮುಂದಾಳತ್ವ. ಇನ್ನೊಂದು ಕಡೆ ಬ್ರಿಟಿಷ್ ಸರಕಾರದ ಗುತ್ತಿಗೆಗಳಲ್ಲಿ ಗಳಿಕೆ. ವ್ಯಾಪಾರಿಯ ಲೆಕ್ಕಾಚಾರ ಅವರಲ್ಲಿ ಕೊನೆವರೆಗೂ ಇತ್ತು. ಆದರೆ ಗಳಿಸಿದ್ದನ್ನು ಮತ್ತೆ ಬಡ್ಡಿಗೆ ಹಾಕದೆ ಯಾರೂ ಕೈ ಹಾಕದ ಕೆಲಸಕ್ಕೆ ಹಾಕಿದರು. ಹಾಕಿದ್ದು ಅರ್ಧಕ್ಕರ್ಧ ಸರಕಾರದ ಕೈ ಸೇರಿದರೂ ಇನ್ನೊಂದಕ್ಕೆ ಹೊರಟರು.

ಉಳಿದದ್ದು ಏನು?

ಕುರ್ಲಾದ ಕಾರು ಇವತ್ತು ಇಲ್ಲ. ಸಿಂಧಿಯಾ ಕಂಪನಿಯ ಹಡಗುಗಳೂ ಇಲ್ಲ. ಉಳಿದದ್ದು ಬೇರೆ ಕಡೆ ಇದೆ.

ಮೊದಲನೆಯದು ಕೈಕಸುಬು. ಫಿಯಾಟ್, ಅಂಬಾಸಿಡರ್‌ಗಳ ಬಿಡಿಭಾಗ ಮಾಡಲು ಹುಟ್ಟಿದ ಸಣ್ಣ ಕಾರ್ಖಾನೆಗಳ ಸಾಲೇ ಮುಂದೆ ಮಾರುತಿಗೂ ಬೇರೆ ಕಂಪನಿಗಳಿಗೂ ಬುನಾದಿ ಆಯಿತು. ಊರೂರಿನಲ್ಲಿ ಫಿಯಾಟ್ ಎಂಜಿನ್ ಬಿಚ್ಚಿ ಕಲಿತ ಮಿಸ್ತ್ರಿಗಳು ಒಂದು ತಲೆಮಾರಿಗೆ ಕೆಲಸ ಕಲಿಸಿದರು. ಶಾಲೆ ಬಿಟ್ಟ ಎಷ್ಟೋ ಹುಡುಗರಿಗೆ ಗ್ಯಾರೇಜೇ ಕಾಲೇಜು ಆಗಿತ್ತು. ಕಮಲಾಪುರದ ಕೆಂಪು ಬಾಳೆಯಾಗಲಿ ಗಂಜಿನ ತೊಗರಿಯಾಗಲಿ ದೂರದ ಪೇಟೆ ಮುಟ್ಟೋದು ದೇಶದಲ್ಲೇ ತಯಾರಾದ ಲಾರಿಯ ಮೇಲೆ.

ಎರಡನೆಯದು ಶಿಕ್ಷಣ. ಸಾಂಗಲಿಯಲ್ಲಿ 1947ರಲ್ಲಿ ಶುರುವಾದ ಎಂಜಿನಿಯರಿಂಗ್ ಕಾಲೇಜಿಗೆ ಅವರ ಮನೆತನ ನೆರವು ಕೊಟ್ಟ ಮೇಲೆ 1955ರಲ್ಲಿ ಅವರ ಹೆಸರು ಬಂತು. ಸೊಲ್ಲಾಪುರದಲ್ಲೂ ಅವರ ಹೆಸರಿನ ಕಲಾ-ವಿಜ್ಞಾನ ಕಾಲೇಜು, 1983ರಿಂದ ತಾಂತ್ರಿಕ ಕಾಲೇಜು ನಡೆಯುತ್ತಿವೆ. ಗಡಿ ಭಾಗದ ಕನ್ನಡ ಮನೆಗಳ ಮಕ್ಕಳೂ ಅಲ್ಲಿ ಓದಿ ಎಂಜಿನಿಯರುಗಳಾಗಿದ್ದಾರೆ. ಅಂಚೆ ಇಲಾಖೆ 2004ರಲ್ಲಿ ಅವರ ಹೆಸರಿನಲ್ಲಿ ಚೀಟಿ ಹೊರಡಿಸಿತು.

ಮೂರನೆಯದು ನಮಗೇ ಸಂಬಂಧಪಟ್ಟದ್ದು. ಎಂಎಸ್‌ಕೆ ಮಿಲ್ಲಿನ ಭೋಂಗಾ ಕೇಳಿ ಎದ್ದ ಊರು ಕಲಬುರಗಿ. ಮಿಲ್ಲು ಮುಚ್ಚಿತು. ಶಹಾಬಾದಿನ ಸಿಮೆಂಟ್ ಕಾರ್ಖಾನೆಯ ಕತೆಯೂ ಗೊತ್ತೇ ಇದೆ. ಅಂದಿನಿಂದ ನಾವು ಹೊರಗಿನ ಕಂಪನಿ ಬರಲಿ, ಸರಕಾರ ತರಲಿ ಅಂತ ದಾರಿ ಕಾಯ್ತಿದ್ದೇವೆ. ಸರಕಾರದ ಪಾಲು ಇರಲೇಬೇಕು, ಮಿರ್ಜಾ ಇಸ್ಮಾಯಿಲ್ ಜಮೀನು ಮತ್ತು ಬಂಡವಾಳ ಕೊಡದಿದ್ದರೆ ವಿಮಾನ ಕಾರ್ಖಾನೆ ಬೆಂಗಳೂರಿಗೆ ಬರುತ್ತಿರಲಿಲ್ಲ. ಆದರೆ ಆ ಕಡೆಯಿಂದ ಕೇಳಲು ಒಬ್ಬ ವಾಲಚಂದ ಬಂದಿದ್ದರು ಅನ್ನೋದನ್ನೂ ಮರೆಯಬಾರದು. ನಮ್ಮಲ್ಲೂ ಹಣ ಇದೆ, ಅದು ಹೆಚ್ಚಾಗಿ ಪ್ಲಾಟು, ಕಾಂಪ್ಲೆಕ್ಸು, ಬಡ್ಡಿಯಲ್ಲಿ ಕುಂತಿದೆ. ಎಂಜಿನಿಯರಿಂಗ್ ಕಾಲೇಜುಗಳಿವೆ, ರೈಲು ಇದೆ, ಈಗ ವಿಮಾನ ನಿಲ್ದಾಣವೂ ಆಗಿದೆ.

ಬಡ್ಡಿ ಗಾದಿಯಿಂದ ಎದ್ದು ಹೋದ ಒಬ್ಬ ಸೊಲ್ಲಾಪುರದ ಹುಡುಗ ಹಳಿ ಹಾಕುವ ಗುತ್ತಿಗೆಯಿಂದ ಶುರು ಮಾಡಿದ. ಪಾಲುದಾರನಾಗಿ ಸಿಕ್ಕವನು ಮಾಜಿ ಗುಮಾಸ್ತ. ಅಷ್ಟು ಸಾಮಾನು ಇವತ್ತು ನಮ್ಮ ಊರಲ್ಲೂ ಇದೆ. ಓದುಗರು, ವಿಶೇಷವಾಗಿ ವ್ಯಾಪಾರಸ್ಥ ಮನೆತನದ ಯುವಕ ಯುವತಿಯರು, ಈ ಬಗ್ಗೆ ಮನೆಯಲ್ಲಿ ಒಮ್ಮೆ ಮಾತು ತೆಗೀರಿ.